ಅರಿಶಿನವಿಲ್ಲದ ಬಟ್ಟೆ

ಕಮಲಾಪುರ. ಫಸಲಿ ೧೩೩೧, ಮಾಘ ಶುದ್ಧ ಸಪ್ತಮಿ. ಮುಂಜಾನೆ.

ಇವತ್ತೂ ಗಂಜಿ. ಬಾಯಿ ಒಂದು ಬೆರಳಿನಷ್ಟೇ ತೆರೆಯುತ್ತದೆ. ಹೆಂಡತಿ ಶಿವಕಾಂತಮ್ಮ ಚಮಚದಿಂದ ಹನಿಸುತ್ತಾಳೆ. ದೀಪಾವಳಿಗೆ ಕೆಟ್ಟ ಹಲ್ಲು ಕೀಳಿಸಿದ್ದು — ಆಮೇಲೆ ದವಡೆ ಕಲ್ಲಾಯಿತು, ಕೆಳಗೆ ಒಡೆದು ಕೀವು ಸೋರತೊಡಗಿತು. ಊರಿಗೆಲ್ಲ ಕಥೆ ಹೇಳಿದ ಬಾಯಿ. ಈಗ ಮಾತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಪಕ್ಕದ ಮನೆಯ ಮಾಪಣ್ಣ ಬಂದಿದ್ದ. "ಅಣವೀರಪ್ಪ, ರಾಜಕುಮಾರಗ ಬಾವ್ಯಾಗ ಇಳಿಸಿ ಕಥಿ ಅಲ್ಲೇ ಬಿಟ್ಟೀದಿ. ಅವಗ ನೆಗಡಿ ಆಗಿರ್ತದೋ."

ನಗಲು ಹೋದೆ... ನೋವು.

ಕಲಬುರಗಿ. ಮಾಘ ಬಹುಳ ಬಿದಿಗೆ.

ದವಾಖಾನೆ. ಡಾಕ್ಟರ್ ಲಾಲ್ ಅಹ್ಮದ್ ಸಾಹೇಬರು ಹೈದರಾಬಾದಿಗೆ ಕೀವು ಕಳಿಸಿದ್ದರು. ಜವಾಬು ಬಂದಿದೆ. ಗಾಜಿನ ನಳಿಕೆಯಲ್ಲಿ ಯಾವ ಕ್ರಿಮಿಯೂ ಬೆಳೆಯಲಿಲ್ಲವಂತೆ. ಬಿತ್ತಿದರು, ಹುಟ್ಟಲಿಲ್ಲ. ಹಾಗಾದರೆ ಇದು ಕೆಟ್ಟ ಗಡ್ಡೆಯೇ ಇರಬೇಕು; ಹೈದರಾಬಾದಿಗೆ ಹೋಗಿ ದವಡೆಯ ಎಲುಬು ತೆಗೆಸಬೇಕು. ಮಾತು? ಕೈಸನ್ನೆಯಲ್ಲಿ ಕೇಳಿದೆ.

ಸಾಹೇಬರು ಮತ್ತೊಮ್ಮೆ ಗಾಯಕ್ಕೆ ಕಟ್ಟಿದ ಬಟ್ಟೆ ಬಿಚ್ಚಿದರು. ಮೂಸಿದರು. "ಬಂದಾಗೊಮ್ಮೆ ನೋಡ್ತೀನ್ರಿ, ಇದು ಗಾಯನೋ, ಅರಿಶಿನ ಹಚ್ಚಿದ ಮದಿಮಗಳ ಮುಖನೋ?"

ಶಿವಕಾಂತಮ್ಮನಿಗೆ ಹೆಮ್ಮೆ. ಪ್ರತಿ ಸಲವೂ ಕಪನೂರ ಬಾವಿಯ ಹತ್ತಿರ ಬಂಡಿ ನಿಲ್ಲಿಸಿ, ತೊಳೆದು, ಒರೆಸಿ, ಹೊಸ ಅರಿಶಿನ ಹಚ್ಚಿ ತರುವುದನ್ನು ಹೇಳಿದಳು. "ದೊಡ್ಡವರ ಮುಂದ ಹೊಲಸು ತೋರಿಸಬಾರ್ದಲ್ರೀ."

ಸಾಹೇಬರು ಕುರ್ಚಿಯಲ್ಲಿ ಕುಸಿದು ಕೂತರು. ಬೈಯಲಿಲ್ಲ. ತಾವು ಮೊದಲೇ ಕೇಳಬೇಕಿತ್ತು ಎಂದರು. ಮೂರು ದಿನ ಕಲಬುರಗಿಯಲ್ಲೇ ಇರಬೇಕು. ತೊಳೆಯಬಾರದು, ಅರಿಶಿನ ಬೇಡ, ಬರೀ ಬಿಳಿ ಬಟ್ಟೆ.

ಮಾಘ ಬಹುಳ ಪಂಚಮಿ.

ಧರ್ಮಶಾಲೆಯಲ್ಲಿ ಶಿವಕಾಂತಮ್ಮ ಸೆರಗು ಮುಖಕ್ಕೆ ಹಿಡಿದು ಕೂತಿದ್ದಳು. ಗಂಡನನ್ನು ಹೊಲಸಾಗಿ ಇಟ್ಟವಳು ಎಂದು ಜನ ಆಡಿಕೊಳ್ಳುತ್ತಾರಂತೆ.

ಮಧ್ಯಾಹ್ನ ದವಾಖಾನೆಯಲ್ಲಿ ಸಾಹೇಬರು ಬಟ್ಟೆ ಬಿಚ್ಚಿದರು. ಬಿಳಿಯ ಮೇಲೆ ಹಳದಿ ಕಾಳು, ರವೆಯಷ್ಟು. ಇಷ್ಟು ದಿನ ತೊಳೆದುಹೋದವು ಹೋಗಿ, ಉಳಿದವು ಅರಿಶಿನದಲ್ಲಿ ಅಡಗಿ ಕೂತಿದ್ದವು. ಒಂದನ್ನು ಗಾಜಿನ ನಡುವೆ ಅಮುಕಿ ಖುರ್ದಬೀನಿನ ಕೆಳಗಿಟ್ಟರು — ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ಯಂತ್ರ. ನನಗೂ ತೋರಿಸಿದರು. ಸೇವಂತಿಗೆಯ ಹಾಗೆ ಸುತ್ತ ಎಳೆ ಎಳೆ. ನನ್ನನ್ನು ತಿನ್ನುತ್ತಿರುವುದು ಇಷ್ಟು ಚಂದ ಇರಬಾರದಿತ್ತು.

ಎಲ್ಲರ ಬಾಯಲ್ಲೂ ಸುಮ್ಮನೆ ಬಿದ್ದಿರುವ ಕ್ರಿಮಿ ಇದು ಎಂದರು. ಹಲ್ಲು ಹೋದ ಸಂದಿಯಿಂದ ಒಳಗೆ ಇಳಿದಿದೆ. ಗಾಳಿ ಅದಕ್ಕೆ ಆಗದು. ಅದಕ್ಕೇ ನಳಿಕೆಯಲ್ಲಿ ಬೆಳೆಯಲಿಲ್ಲ.

"ಎಲುಬು ತೆಗೆಯೋದು ಬ್ಯಾಡ್ರಿ. ಇದಕ್ಕ ದವಾ ಅದ."

ಶಿವಕಾಂತಮ್ಮ ಕಾಲು ಮುಟ್ಟಲು ಹೋದಳು. ಸಾಹೇಬರು ಹಿಂದೆ ಸರಿದು ಬಾಗಿಲಿಗೆ ಬಡಿದುಕೊಂಡರು.

ಕಮಲಾಪುರ. ಚೈತ್ರ ಶುದ್ಧ ದಶಮಿ.

ಹಾಲಿನಲ್ಲಿ ಉಪ್ಪಿನಂಥ ಔಷಧ, ದಿನಾ. ತಾಮ್ರದ ಕೊಡ ನೆಕ್ಕಿದ ರುಚಿ. ಮೂಗು ಸೋರುತ್ತದೆ, ಮುಖದ ತುಂಬ ಮೊಡವೆ — ಮೊಮ್ಮಕ್ಕಳಾದ ವಯಸ್ಸಿನಲ್ಲಿ! ಹೀಗಾಗುತ್ತದೆಂದು ಸಾಹೇಬರು ಮೊದಲೇ ಹೇಳಿದ್ದರು. ರಾಜಕುಮಾರನ ನೆಗಡಿ ನನಗೇ ಬಂತು ಎನ್ನುತ್ತಾನೆ ಮಾಪಣ್ಣ. ಇರಲಿ. ದವಡೆ ಮೆತ್ತಗಾಗುತ್ತಿದೆ. ಬಾಯಲ್ಲಿ ಎರಡು ಬೆರಳು ಹೋಗುತ್ತವೆ.

ವೈಶಾಖ ಬಹುಳ ಷಷ್ಠಿ.

ನಿನ್ನೆ ಕಲಬುರಗಿಗೆ ಹೋಗಿದ್ದೆವು, ಸಾಹೇಬರಿಗೆ ಕೆಂಪು ಬಾಳೆಯ ಗೊನೆ ಒಯ್ದು. ಕಪನೂರ ಬಾವಿ ಬಂದಾಗ ಎತ್ತುಗಳು ತಾವೇ ನಿಂತವು. ಶಿವಕಾಂತಮ್ಮ ಇಳಿಯಲಿಲ್ಲ. "ನಡೀರಿ. ಹೆಂಗದನೋ ಹಂಗೇ ತೋರಿಸೂಣು."

ತೋರಿಸಲು ಉಳಿದದ್ದು ಒಣ ಕಲೆ. ಸಾಹೇಬರು ಒಂದು ಹಣ್ಣು ತೆಗೆದುಕೊಂಡು, ಉಳಿದದ್ದನ್ನು ರೋಗಿಗಳಿಗೆ ಹಂಚಿಸಿದರು. ಔಷಧ ಇನ್ನೂ ಬಿಡಬಾರದಂತೆ.

ಕಾರಹುಣ್ಣಿಮೆಯ ಮರುದಿನ. ಸಂಜೆ.

ಕಡಕ್ ರೊಟ್ಟಿ ಕಚ್ಚಿದೆ! ಸದ್ದು ಒಲೆಯ ತನಕ ಕೇಳಿತು. ಶಿವಕಾಂತಮ್ಮ ಬಂದು ಇನ್ನೊಂದು ಹಾಕಿದಳು.

ಮನೆಮುಂದಿನ ಕಟ್ಟೆ ಕಥೆ ಕೇಳುವವರಿಂದ ತುಂಬಿದೆ. ಮಾಪಣ್ಣ ನಿಜವಾಗಿಯೂ ಒಂದು ಹಗ್ಗ ತಂದು ಕೂತಿದ್ದಾನೆ. "ಹೊರಗ ಬಾರೋ, ಅವಗ ಮ್ಯಾಲ ಎಳಿಯೂಣು."

ಯಾರಿಗೆಲ್ಲ ಶರಣು ಎನ್ನಬೇಕೋ ಇಲ್ಲಿ ಬರೆದಿಡಬೇಕೆಂದಿದ್ದೆ. ದೀಪ ಆಗಲೇ ಕಟ್ಟೆಗೆ ಹೋಯಿತು, ಅಕ್ಷರ ಸರಿಯಾಗಿ ಕಾಣುತ್ತಿಲ್ಲ. ಮೊದಲು ಡಾಕ್ಟರ್ ಸಾಹೇಬರಿಗೆ. ಆಮೇಲೆ ಆ ಬಿಳಿ ಬಟ್ಟೆಗೆ, ಆಮೇಲೆ —