ಭಾವ ಕೊಟ್ಟ ಲಾರಿ

ಮಂಗಳವಾರ, ೧೨ ಫೆಬ್ರವರಿ ೧೯೭೪

ಅಕ್ಕನ ಗಂಡ ಮರಿಸ್ವಾಮಿಯನ್ನು ನೆನೆದರೆ ಇನ್ನೂ ಮೈ ಉರಿಯುತ್ತಿದೆ. ‘ಭಾಳ ಗಟ್ಟಿ ಗಾಡಿ’ ಎಂದು ಅವನು ನನಗೆ ಮಾರಿದ ಹಳೆಯ ಮಿಲಿಟರಿ ಲಾರಿಗೆ ಇವತ್ತು ಸಂಡೂರಿನ ಇಳಿಜಾರಿನಲ್ಲಿ ಬ್ರೇಕೇ ಹಿಡಿಯಲಿಲ್ಲ. ಡ್ರೈವರ್ ಹುಲುಗಪ್ಪ ಗುಡ್ಡದ ಮಣ್ಣಿಗೆ ಒರಗಿಸಿ ನಿಲ್ಲಿಸಿದ್ದಕ್ಕೆ ಇಬ್ಬರೂ ಬದುಕಿದೆವು.

ಸಂಜೆ ಹೊಸಪೇಟೆಗೆ ಬಂದವನೇ ಭಾವನ ಮನೆಗೆ ಹೋದೆ. ನಡೆದದ್ದನ್ನು ಹೇಳಲಿಲ್ಲ. ‘ಭಾವ, ನಾಳೆ ಅಕ್ಕನ್ನ ಕರಕೊಂಡು ಬರ್ರಿ, ಲಾರಿಯಾಗ ಸಂಡೂರಿಗೆ ಹೋಗಿ ಬರೋಣು’ ಎಂದೆ.

ಅವನ ಮುಖ ಬಿಳಿಚಿತು. ‘ಬ್ರೇಕ್ ರಿಪೇರಿ ಮಾಡ್ಸಿದ್ಯೇನಲೇ?’

ನಾನು ಬ್ರೇಕಿನ ಮಾತೇ ಎತ್ತಿರಲಿಲ್ಲ. ‘ಇವತ್ತು ಹಿಡೀಲಿಲ್ಲ’ ಎಂದೆ.

‘ಗೊತ್ತಿದ್ದೂ ನನ್ನ ತಮ್ಮಗ ಕೊಟ್ರೇನ್ರಿ?’ ಎಂದಳು ಅಕ್ಕ.

ಆ ಮನೆಯಲ್ಲಿ ನಾನಿನ್ನು ನೀರೂ ಕುಡಿಯುವುದಿಲ್ಲ. ಆದರೆ ಅಕ್ಕ ಅಲ್ಲೇ ಇರಬೇಕಲ್ಲ, ಅವನ ಜೊತೆ...