ಪರದೆಯ ಮೇಲೆ ಅರವತ್ತು

ಫೆಬ್ರವರಿ 9, ಬೆಳಿಗ್ಗೆ

ಮತ್ತೆ ಅಂಕಿ ಪರೀಕ್ಷೆ. ಸೊನ್ನೆಯಿಂದ ಒಂದು ಕೋಟಿವರೆಗೆ ಓಡಿಸಿ ನೋಡಿದೆ. ಏಳು ಬಂದಾಗಲೆಲ್ಲ ಅದರ ಬಾಲ ಕತ್ತರಿಸಿಹೋಗುತ್ತದೆ. ಫಾಂಟ್ ಬದಲಿಸಬೇಕು.

ಲೈವ್‌ಗೆ ಇನ್ನು ಎರಡು ವಾರವೂ ಇಲ್ಲ. ಮಕ್ಕಳ ಹೃದಯದ ಆಪರೇಷನ್ನಿಗೆ ನಮ್ಮ ಚಾನೆಲ್ಲು ವರ್ಷಕ್ಕೊಮ್ಮೆ ಹಣ ಎತ್ತುವ ಕಾರ್ಯಕ್ರಮ. ಸಂಜೆ ಐದರಿಂದ ಒಂಬತ್ತು. ಹಾಡು, ಕುಣಿತ, ಅಳು, ನಡುನಡುವೆ ಫೋನ್ ನಂಬರು. ಎಷ್ಟು ಬಂತೆಂದು ಪರದೆಯ ಮೂಲೆಯಲ್ಲಿ ಏರುತ್ತಲ್ಲ ಅಂಕಿ, ಅದು ನನ್ನ ಕೈಯಲ್ಲಿ. ಆರು ವರ್ಷದಿಂದ ಬೇರೆ ಯಾರೂ ಆ ಕುರ್ಚಿಯಲ್ಲಿ ಕೂತಿಲ್ಲ.

ಈ ವರ್ಷ ಮಾತ್ರ ಅದು ಬರೀ ಕೆಲಸವಲ್ಲ. ನಮ್ಮ ಮಗಳು ಚಿನಕುರಳಿಯೂ ಆಸ್ಪತ್ರೆಯ ಸರದಿಯಲ್ಲಿದ್ದಾಳೆ. ಹದಿಮೂರನೆಯವಳು. ಒಂದು ಮಗುವಿಗೆ ಹನ್ನೆರಡು ಲಕ್ಷ. ಹೋದ ವರ್ಷ ಬಂದ ಹಣ ಆರೇ ಮಕ್ಕಳಿಗೆ ಸಾಕಾಯಿತು.

ಆಫೀಸಿನಲ್ಲಿ ಯಾರಿಗೂ ಹೇಳಿಲ್ಲ. ಗೊತ್ತಾದರೆ ಕುರ್ಚಿಯಿಂದ ಎಬ್ಬಿಸುತ್ತಾರೆ.

ಫೆಬ್ರವರಿ 11

ಡ್ಯೂಟಿ ಮುಗಿಸಿ ವಾರ್ಡಿಗೆ. ಹೆಂಡತಿ ಕಿಟಕಿ ಪಕ್ಕ ಮಗಳ ಕೂದಲು ಬಾಚುತ್ತಿದ್ದಳು. ಹೋದ ವರ್ಷ ಈ ಹುಡುಗಿ ಬಾಯಿ ಮುಚ್ಚಿದರೆ ಸಾಕಪ್ಪ ಅನ್ನುತ್ತಿದ್ದೆ. ಈಗ ಒಂದು ವಾಕ್ಯ ಮುಗಿಸಲು ಎರಡು ಸಲ ನಿಲ್ಲುತ್ತಾಳೆ. ನನ್ನ ಬಾಯಿಗೆ ಬೆಂಕಿ ಬೀಳ.

ಪಕ್ಕದ ಹಾಸಿಗೆ ಹುಡುಗ ಗೋಲಿ. ಕಣ್ಣು ಹಾಗಿವೆ, ಅದಕ್ಕೇ ಆ ಹೆಸರು. ಸರದಿಯಲ್ಲಿ ಹದಿನಾಲ್ಕನೆಯವನು, ನಮ್ಮವಳ ಬೆನ್ನ ಹಿಂದೆಯೇ. ಅವನಿಗಿರುವುದು ಅಜ್ಜಿ ಒಬ್ಬರೇ. ಇವಳು ಸ್ನಾನಕ್ಕೆ ಹೋದರೆ ಎರಡೂ ಮಕ್ಕಳನ್ನು ಅವರೇ ನೋಡಿಕೊಳ್ಳುತ್ತಾರೆ.

"ಅಪ್ಪಾ, ಟೀವೀಲಿ ನಂಬರ್ ಹಾಕೋದು ನೀನೇ ಅಲ್ವಾ? ಜಾಸ್ತಿ... ಹಾಕ್ಬಿಡು."

"ಹಂಗೆಲ್ಲ ಹಾಕೋ ಹಾಗಿಲ್ಲ ಕಣೇ. ಬಂದಷ್ಟೇ ಹಾಕ್ಬೇಕು."

"ಮಗು ಕೇಳೋದ್ರಲ್ಲಿ ತಪ್ಪೇನಿದೆ? ಕೈ ಒಂಚೂರು ಜಾರಿದ್ರೆ ಯಾರಿಗೆ ಗೊತ್ತಾಗತ್ತೆ?" ಎಂದು ಅಜ್ಜಿ ನಕ್ಕರು. ನಾವೂ ನಕ್ಕೆವು.

ಫೆಬ್ರವರಿ 17

ಬಂದಷ್ಟೇ ಹಾಕಬೇಕು ಅಂದೆನಲ್ಲ, ಅದೂ ಪೂರ್ತಿ ನಿಜವಲ್ಲ. ಫೋನು ಎತ್ತುವವರ ಕೋಣೆಯಿಂದ ಲೆಕ್ಕದ ಮೇಡಂ ಹೆಡ್‌ಫೋನಿನಲ್ಲಿ ಮೊತ್ತ ಹೇಳುತ್ತಾರೆ. ನಾನು ಹಾಕುತ್ತೇನೆ. ಆದರೆ ಬಾಸ್‌ದೊಂದು ರೂಢಿ ಇದೆ: "ಎರಡು ಜೇಬಲ್ಲಿರ್ಲಿ." ಅಂದರೆ ಎರಡು ಲಕ್ಷ ತಡೆಹಿಡಿದು, ಹಾಡು ಮುಗಿದ ಕೂಡಲೇ ಬಿಡುವುದು. ಅಂಕಿ ಜಿಗಿಯುತ್ತದೆ, ಜನ ಚಪ್ಪಾಳೆ ತಟ್ಟುತ್ತಾರೆ. ಯಾರಿಗೂ ನಷ್ಟವಿಲ್ಲ.

ಹೋದ ವರ್ಷದ ರೆಕಾರ್ಡಿಂಗ್ ಇವತ್ತು ಮತ್ತೆ ನೋಡಿದೆ. ಗುರಿ ಎಪ್ಪತ್ತೆರಡು ಲಕ್ಷ. ಅದು ತುಂಬಿದ್ದು ಎಂಟು ಗಂಟೆಗೆ. ತುಂಬಿತೋ, ಫೋನುಗಳು ಸತ್ತೇಹೋದವು. ಉಳಿದ ಒಂದು ಗಂಟೆ ಫೋನಿನವರು ಟೀ ಕುಡಿಯುತ್ತ ಕೂತಿದ್ದರು. ಕೊಡ ತುಂಬಿದ ಮೇಲೆ ನಲ್ಲಿ ಯಾರು ಬಿಡುತ್ತಾರೆ? ಈ ವರ್ಷವೂ ಗುರಿ ಅಷ್ಟೇ. ನನ್ನ ಮಗಳು ಇರುವುದು ಒಂದೂವರೆ ಕೋಟಿಯ ಆಚೆ.

ಅಂಕಿ ಏರದೆ ನಿಂತರೆ? ಅಯ್ಯೋ ಪಾಪ, ಇಷ್ಟೇನಾ ಎಂದು ಜನ ಫೋನು ಎತ್ತಿಯಾರು. ಎರಡರ ಬದಲು ಹತ್ತು ಜೇಬಲ್ಲಿಟ್ಟರೆ... ಇಪ್ಪತ್ತು ಇಟ್ಟರೆ...

ಕದಿಯುವುದೇನಿಲ್ಲ. ಕೊನೆಗೆ ಎಲ್ಲ ಬಿಟ್ಟೇ ಬಿಡುತ್ತೇನಲ್ಲ.

ಫೆಬ್ರವರಿ 21, ಸಂಜೆ 6.40, ಜಾಹೀರಾತು

ಮೇಡಂ ಹೇಳಿದ್ದು ನಲವತ್ತೊಂಬತ್ತು. ಪರದೆಯಲ್ಲಿ ನಲವತ್ತು. ಅವರು ಕೂತಲ್ಲಿಗೆ ಪರದೆ ಕಾಣುವುದಿಲ್ಲ. ಬಾಸ್‌ಗೆ ಹಾಡಿನವರ ತಲೆನೋವು. ಫೋನು ಒಂದೇ ಸಮ ಬಡಿದುಕೊಳ್ಳುತ್ತಿದೆ.

8.40

ನಿಜ ಎಪ್ಪತ್ತೊಂಬತ್ತು. ಪರದೆ ಅರವತ್ತು. ಹೋದ ವರ್ಷ ಈ ಹೊತ್ತಿಗೆ ಫೋನಿನ ಕೋಣೆ ಮಸಣದಂತಿತ್ತು. ಈಗ ಹೆಚ್ಚುವರಿ ಲೈನು ಬೇಕು ಅನ್ನುತ್ತಿದ್ದಾರೆ. ದೇವರೇ, ನಡೆಯುತ್ತಿದೆ. ಇನ್ನು ಸ್ವಲ್ಪ ಹೊತ್ತು. ಕೊನೆಯ ಐದು ನಿಮಿಷಕ್ಕೆ ಬಿಡುತ್ತೇನೆ.

ಫೆಬ್ರವರಿ 23

ನಿನ್ನೆ ಬರೆಯಲಾಗಲಿಲ್ಲ. ಇವತ್ತು ಬರೆಯದಿದ್ದರೆ ತಲೆ ಒಡೆದೀತು.

ಕಾರ್ಯಕ್ರಮ ಮುಗಿಯಲು ಹತ್ತು ನಿಮಿಷವಿದ್ದಾಗ ಟೈಲ್ಸ್ ಸಾಹುಕಾರರನ್ನು ವೇದಿಕೆಗೆ ಕರೆದರು. ವೇದಿಕೆಯ ನೆಲ ಅವರದ್ದೇ ಕೊಡುಗೆ, ಒಂದು ಹೂಗುಚ್ಛ ಕೊಟ್ಟು ಕಳಿಸಬೇಕಿತ್ತು, ಅಷ್ಟೇ. ಆ ಮನುಷ್ಯ ಹೂವು ಹಿಡಿದುಕೊಂಡು ಪರದೆಯ ಕಡೆ ತಿರುಗಿ ನಿಂತರು. ಆಮೇಲೆ ಮೈಕು ತೆಗೆದುಕೊಂಡು, "ಅಲ್ಲಿ ಎಷ್ಟು ಕಾಣ್ತಿದೆಯೋ ಅಷ್ಟೇ ನಾನೂ ಕೊಡ್ತೀನಿ" ಅಂದರು.

ನನ್ನ ಬೆರಳು ಕೀಲಿಯ ಮೇಲೇ ಇತ್ತು. ಒತ್ತುವಷ್ಟರಲ್ಲಿ ನಿರೂಪಕಿ ಕೂಗಿಬಿಟ್ಟಳು — ಅರವತ್ತು ಲಕ್ಷ, ಅರವತ್ತು ಲಕ್ಷ ಎಂದು. ಊರಿಗೆಲ್ಲ ಕೇಳಿಸಿತು. ಆ ಹೊತ್ತಿಗೆ ಮೇಡಂ ನನ್ನ ಕಿವಿಯಲ್ಲಿ ಹೇಳಿದ್ದ ಮೊತ್ತ ಎಂಬತ್ತನಾಲ್ಕು.

ಜೇಬಲ್ಲಿ ಇಪ್ಪತ್ತನಾಲ್ಕು. ಇಬ್ಬರು ಮಕ್ಕಳು.

"ಜೇಬಲ್ಲಿರೋದು ಬಿಡೋ ಈಗ" ಎಂದರು ಬಾಸ್. ಬಿಟ್ಟೆ. ಅಂಕಿ ಒಂದೇ ನೆಗೆತಕ್ಕೆ ಹಾರಿ ಒಂದು ಕೋಟಿ ನಲವತ್ತನಾಲ್ಕಕ್ಕೆ ನಿಂತಿತು. ಜನ ಎದ್ದು ನಿಂತರು. ಚಾನೆಲ್ಲಿನ ಇತಿಹಾಸದಲ್ಲೇ ಇಷ್ಟು ಬಂದಿಲ್ಲವಂತೆ. ಬಾಸ್ ನನ್ನ ಭುಜಕ್ಕೆ ಗುದ್ದಿ, "ಅಷ್ಟೊಂದು ಇಟ್ಕೊಂಡಿದ್ಯಾ? ಭಲೇ ಗುಂಡಿಗೆ ಕಣಯ್ಯಾ ನಿಂದು" ಎಂದರು.

ಹನ್ನೆರಡು ಮಕ್ಕಳಿಗೆ ಸರಿಹೋಯಿತು. ಹದಿಮೂರನೆಯವಳ ಹೊಸ್ತಿಲಲ್ಲಿ ನಿಂತಿತು. ಸುಮ್ಮನೆ ಬಂದಷ್ಟು ಹಾಕಿದ್ದರೆ ಸಾಹುಕಾರರದ್ದೂ ಎಂಬತ್ತನಾಲ್ಕಾಗಿ, ಹದಿನಾಲ್ಕರವರೆಗೂ ಆಗುತ್ತಿತ್ತು. ಅತಿ ಬುದ್ಧಿವಂತ ನಾನು. ಇದ್ದ ಅನ್ನಕ್ಕೆ ಮಣ್ಣು ಹಾಕಿಕೊಂಡೆ.

ಫೆಬ್ರವರಿ 25

ಆಸ್ಪತ್ರೆಯವರು ಹನ್ನೆರಡು ಮಕ್ಕಳ ಮನೆಯವರನ್ನು ಕರೆದು ಹೇಳಿದರು. ನಮ್ಮನ್ನು ಕರೆಯಲಿಲ್ಲ. ನಾನೇ ಡಾಕ್ಟರ ಹಿಂದೆ ಕಾರಿಡಾರಿನುದ್ದಕ್ಕೂ ಓಡಿದೆ.

"ಮುಂದಿನ ವರ್ಷದ ತನಕ ಕಾಯೋಕಾಗಲ್ಲ ಸರ್. ನಿಮ್ಮ ಮಗಳಿಗೆ ಹೆಚ್ಚಂದ್ರೆ ಆರು ತಿಂಗಳು. ಆಮೇಲೆ ಆಪರೇಷನ್ ಮಾಡಿದ್ರೂ ಪ್ರಯೋಜನ ಇಲ್ಲ. ಪಕ್ಕದ ಹುಡುಗಂದು ಇನ್ನೂ ಕಷ್ಟ. ತುಟಿ ಬಣ್ಣ ನೋಡಿದ್ರಲ್ಲ."

ನೋಡಿದ್ದೇನೆ. ಶಾಯಿ ಕುಡಿದ ಹಾಗಿದೆ.

ಇವಳಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ಮಗಳ ಫ್ರಾಕು ಮಡಚುತ್ತಿದ್ದಳು, ಅದನ್ನೇ ಬಿಚ್ಚಿ ಮತ್ತೆ ಮಡಚಿದಳು. "ಆ ಸಾಹುಕಾರ್ರ ಹತ್ರ ಹೋಗ್ರೀ. ಕಾಲು ಹಿಡೀರಿ" ಎಂದಳು.

ಫೆಬ್ರವರಿ 27

ಸಾಹುಕಾರರ ಅಂಗಡಿ. ಗೋಡೆಗೆಲ್ಲ ಟೈಲ್ಸ್ ಮಾದರಿ. ಕೂರಲು ಹೇಳಿದರು, ಕೂರಲಿಲ್ಲ. ಅಂಕಿ ತಡೆದವನು ನಾನೇ, ನಿಜವಾಗಿ ಎಂಬತ್ತನಾಲ್ಕಿತ್ತು, ಇಬ್ಬರು ಮಕ್ಕಳು ಹೊರಗುಳಿದರು ಎಂದೆ. ಮಕ್ಕಳ ವಯಸ್ಸು ಹೇಳಿದೆ, ಕಾಯಿಲೆ ಹೇಳಿದೆ. ಒಬ್ಬಳು ನನ್ನ ಮಗಳು ಎಂಬುದನ್ನು ಮಾತ್ರ ಹೇಳಲಿಲ್ಲ. ಹೇಳಿದ್ದರೆ ಅಲ್ಲಿಯವರೆಗೆ ಹೇಳಿದ್ದೆಲ್ಲ ನಾಟಕವಾಗುತ್ತಿತ್ತು.

ಅವರು ಕನ್ನಡಕ ತೆಗೆದು ಒರೆಸಿದರು.

"ನಾನು ಕೊಡ್ಬೇಕು ಅಂತ ಬಂದಿರ್ಲಿಲ್ಲ ಕಣಪ್ಪ. ಮಾತು ಬಾಯಿಗೆ ಬಂತು, ಅಷ್ಟೇ. ಯಾಕೆ ಗೊತ್ತಾ? ಒಳಗೆ ಬಂದಾಗ್ಲೂ ಅರವತ್ತೇ ಇತ್ತು, ಮೇಲೆ ಹತ್ತಿದಾಗ್ಲೂ ಅರವತ್ತೇ. ಯಾರೂ ಕೊಡ್ತಿಲ್ವಲ್ಲ, ಮಕ್ಕಳ ಗತಿ ಏನು ಅಂತ ಹೊಟ್ಟೆ ಉರೀತು. ಏರ್ತಾ ಇದ್ದಿದ್ರೆ ಹೂವು ತಗೊಂಡು ಮನೆಗೆ ಹೋಗ್ತಿದ್ದೆ."

ಹಾಗಾದರೆ ನಾನು ಮಾಡಿದ್ದು ತಪ್ಪೋ, ಸರಿಯೋ? ಆ ಅರವತ್ತು ಬಂದದ್ದೂ ನನ್ನ ಸುಳ್ಳಿನಿಂದ, ಇಪ್ಪತ್ತನಾಲ್ಕು ಹೋದದ್ದೂ ಅದೇ ಸುಳ್ಳಿನಿಂದ. ಯಾರ ಹತ್ತಿರ ಹೋಗಿ ಕೇಳಲಿ?

"ನೀನು ನನ್ನ ಏಮಾರಿಸಿದೆ. ಚಾನೆಲ್‌ಗೆ ಹೇಳಿದ್ರೆ ನಿನ್ನ ಕೆಲಸ ಇವತ್ತೇ ಹೋಗತ್ತೆ. ಹೇಳಲ್ಲ. ಆದ್ರೆ ಪೂರ್ತಿ ದಂಡ ತೆರೋದಕ್ಕೆ ನನಗೂ ಆಗಲ್ಲ. ಒಂದು ಮಗೂದು ಕೊಡ್ತೀನಿ. ಯಾವುದು ಅನ್ನೋದು ನನ್ನ ತಲೆಗೆ ಬೇಡ. ಇಬ್ಬರನ್ನೂ ನೋಡಿರೋನು ನೀನು, ನೀನೇ ಹೇಳು. ನಾಳೆ ಬೆಳಿಗ್ಗೆ ಹತ್ತಕ್ಕೆ ನಾನೇ ಫೋನ್ ಮಾಡ್ತೀನಿ."

ಕೈ ಮುಗಿದೆ.

ಫೆಬ್ರವರಿ 28, ಬೆಳಿಗ್ಗೆ

ವಾರ್ಡಿನ ಹೊರಗೆ ಬೆಂಚು. ಬಾಗಿಲ ಗಾಜಿನಲ್ಲಿ ಇಬ್ಬರೂ ಕಾಣುತ್ತಾರೆ. ಚಿನಕುರಳಿ ಏನೋ ಹೇಳುತ್ತಿದ್ದಾಳೆ, ನಡುವೆ ನಿಲ್ಲುತ್ತಾಳೆ. ಗೋಲಿ ಅವಳ ಉಸಿರು ವಾಪಸು ಬರುವವರೆಗೆ ಕಾದು, ಆಮೇಲೆ ನಗುತ್ತಾನೆ.

ಹೆಂಡತಿ ಹೇಳಿದ್ದು ಇಷ್ಟೇ: "ಸರದಿ ಅಂದ್ರೆ ಸರದಿ. ನಾವೇನು ಯಾರ ಪಾಲನ್ನೂ ಕಿತ್ಕೊಳ್ತಿಲ್ಲ." ಹೇಳಿ ಮುಖ ಆಚೆ ತಿರುಗಿಸಿದಳು. ಅವಳಿಗೂ ಗೊತ್ತು. ಸರದಿ ಇದ್ದದ್ದು ನಾನು ಕೆಡಿಸುವವರೆಗೆ. ಆ ಹುಡುಗನ ಪಾಲು ನನ್ನ ಜೇಬಿನಲ್ಲೇ ಸತ್ತದ್ದು. ಅವನಿಗೆ ಆರು ತಿಂಗಳೂ ಇಲ್ಲ.

ಹುಡುಗ ಎಂದು ಹೇಳಿಬಿಡಬೇಕು. ಬೆಳಗಿನಿಂದ ಹತ್ತು ಸಲ ಬಾಯಲ್ಲಿ ಹೇಳಿ ನೋಡಿದೆ. ಬರುತ್ತದೆ, ಕಷ್ಟವೇನಿಲ್ಲ. ಆದರೆ ಫೋನು ಬಂದಾಗ ಹೇಳುವುದು ಮಗಳ ಹೆಸರನ್ನೇ. ನನ್ನನ್ನು ನಾನು ಬಲ್ಲೆ. ನಾಚಿಕೆಯಾಗುತ್ತದೆ. ಆದರೂ ಅವಳ ಹೆಸರನ್ನೇ.

ಅಜ್ಜಿ ಬಂದರು. ಪಕ್ಕದಲ್ಲಿ ಕೂತರು.

"ಯಾರೋ ಪುಣ್ಯಾತ್ಮರು ಇನ್ನೊಂದು ಮಗೂಗೆ ಕೊಡ್ತಾರಂತೆ? ನಿನ್ನ ಹೆಂಡ್ತಿ ಅಂದ್ಲು. ಹಂಗಾದ್ರೆ ನಿಮ್ಮ ಹುಡುಗೀದು ಆಯ್ತು ಬಿಡು. ಒಳ್ಳೇದಾಯ್ತು ಮಗ. ನಮ್ಮೋನದು ಅವಳ ಹಿಂದೇನೇ ಅಲ್ವಾ? ಇವತ್ತು ಅವಳಿಗೆ ಕೊಟ್ಟ ದೇವರು ನಾಳೆ ಇವನಿಗೂ ಕೊಡ್ತಾನೆ."

ತಲೆ ತಗ್ಗಿಸಿ ಬರೆಯುತ್ತಿದ್ದೇನೆ. ಅಳುತ್ತಿದ್ದೇನೆ ಅಂದುಕೊಂಡಿರಬೇಕು, "ಸಂತೋಷಕ್ಕೂ ಅಳ್ತಾರೇನಪ್ಪ" ಎಂದರು.

ಫೋನು ಬಡಿದುಕೊಳ್ಳುತ್ತಿದೆ. ಅವರೇ. ಅಜ್ಜಿ ಎತ್ತು ಎತ್ತು ಎನ್ನುತ್ತಾ ನನ್ನ ಬೆನ್ನು ಸವರುತ್ತಿದ್ದಾರೆ.