ಜಗಳದ ಪಾಠ ನಿಲ್ಲಿಸಿದವರಿಗೆ

ಮಾನ್ಯ ಶಾಲಾ ಪರಿವೀಕ್ಷಕರೇ,

ಆರನೇ ತರಗತಿಯ ಮಕ್ಕಳಿಗೆ ಭಾಷಾ ಅವಧಿಯಲ್ಲಿ ಜಗಳವಾಡುವುದನ್ನು ಕಲಿಸುತ್ತಿದ್ದೇನೆ ಎಂಬ ಆರೋಪದ ಮೇಲೆ ತಾವು ನನ್ನ ಪಾಠವನ್ನು ನಿಲ್ಲಿಸಿದ್ದೀರಿ. ಆರೋಪ ನಿಜ, ಕಲಿಸುತ್ತಿದ್ದೆ. ಜಗಳವನ್ನು ಮಕ್ಕಳು ಹುಟ್ಟುತ್ತಲೇ ಕಲಿತು ಬಂದಿರುತ್ತಾರೆ, ಅದಕ್ಕೆ ಸಂಬಳ ಕೊಟ್ಟು ಒಬ್ಬ ಶಿಕ್ಷಕಿಯನ್ನು ಇಡಬೇಕೇ ಎಂದು ತಾವು ಕೇಳಬಹುದು. ಅವರು ಕಲಿತು ಬಂದಿರುವುದು ಜುಟ್ಟು ಹಿಡಿದು ಎಳೆಯುವುದನ್ನು, ಸ್ವಾಮಿ. ವಾಕ್ಯ ಪೂರ್ತಿ ಮಾಡಿ, ಕಾರಣ ಕೊಟ್ಟು, ಎದುರಿಗಿರುವವರ ಕಣ್ಣು ನೋಡಿ ಜಗಳವಾಡುವುದು ನಮ್ಮ ಸಿಬ್ಬಂದಿ ಸಭೆಗಳಲ್ಲೇ ಯಾರಿಗೂ ಬರುವುದಿಲ್ಲ. ಹನ್ನೊಂದು ವರ್ಷದವರಿಗೆ ತಾನಾಗಿ ಎಲ್ಲಿಂದ ಬರಬೇಕು?

ಈ ದುರ್ಬುದ್ಧಿ ನನಗೆ ಬಂದದ್ದು ತಮ್ಮಿಂದಲೇ. ಕಳೆದ ವರ್ಷ ‘ಸೃಜನಶೀಲ ಭಾಷಾ ಬೋಧನೆ’ ಎಂಬ ಕಾರ್ಯಾಗಾರಕ್ಕೆ ನಮ್ಮನ್ನೆಲ್ಲ ಕರೆಸಿ, ಮಕ್ಕಳು ಬಾಯಿ ಬಿಡುವಂತೆ ಮಾಡಿ ಎಂದು ಬೆಳಗಿನಿಂದ ಊಟದ ಹೊತ್ತಿನವರೆಗೆ ತಾವೊಬ್ಬರೇ ಬಾಯಿ ಬಿಟ್ಟಿರಿ. ಹಿಂದಿನ ಸಾಲಿನ ಮೇಷ್ಟ್ರೊಬ್ಬರು ಏನೋ ಕೇಳಲು ಕೈ ಎತ್ತಿದಾಗ, ಪ್ರಶ್ನೆಗಳಿಗೆ ಸಮಯವಿಲ್ಲ ಎಂದಿರಿ. ನಾನು ಪೆದ್ದಿ, ತಮ್ಮ ಮಾತನ್ನು ನಂಬಿಬಿಟ್ಟೆ.

ಪಾಠ ನಡೆಯುತ್ತಿದ್ದದ್ದು ಹೀಗೆ. ಗುರುವಾರದ ಕೊನೆಯ ಅವಧಿಯಲ್ಲಿ ಇಬ್ಬರು ಎದುರುಬದುರು ನಿಲ್ಲಬೇಕು. ಬೈಗುಳ ಕೂಡದು. ಎದುರಾಳಿ ಹೇಳಿದ್ದನ್ನು ಮೊದಲು ತಾನು ಹೇಳಿ ತೋರಿಸಬೇಕು; ಆಕೆ ‘ಹೌದು, ನಾನು ಹೇಳಿದ್ದು ಅದೇ’ ಎಂದು ಒಪ್ಪಿದ ಮೇಲೆಯೇ ಉತ್ತರ. ಇಷ್ಟೇ. ಇದರಲ್ಲಿ ವ್ಯಾಕರಣವಿದೆ, ಆಲಿಸುವಿಕೆಯಿದೆ, ಸಾರಾಂಶವಿದೆ. ತಮ್ಮ ಪರಿವೀಕ್ಷಣಾ ನಮೂನೆಯಲ್ಲಿ ಮೂರಕ್ಕೂ ಬೇರೆ ಬೇರೆ ಕಾಲಂಗಳಿವೆ.

ನನ್ನ ತರಗತಿಯಲ್ಲಿ ಒಬ್ಬಳಿದ್ದಾಳೆ. ಮಕ್ಕಳು ಅವಳಿಗೆ ಇಟ್ಟ ಹೆಸರು ‘ಬೀಗ’. ನಮ್ಮ ಶಾಲೆಗೆ ಸೇರಿದಾಗಿನಿಂದ ಅವಳ ದನಿಯನ್ನು ಯಾರೂ ಕೇಳಿರಲಿಲ್ಲ. ಹಾಜರಿ ಕೂಗಿದರೆ ಬೆರಳೆತ್ತುತ್ತಿದ್ದಳು. ಅವಳ ಪಕ್ಕದಲ್ಲಿ ಕೂರುವವಳು ‘ಲೌಡ್‌ಸ್ಪೀಕರ್’. ಆ ಹೆಸರಿಗೆ ವಿವರಣೆ ಬೇಡ. ಆ ಗುರುವಾರದ ಜಗಳ, ಕಿಟಕಿ ಪಕ್ಕದ ಜಾಗ ಯಾರಿಗೆ ಎಂಬುದು. ತನಗೆ ಗಾಳಿ ಬೇಕು, ಇಲ್ಲವಾದರೆ ತಲೆನೋವು ಬರುತ್ತದೆ ಎಂದು ಲೌಡ್‌ಸ್ಪೀಕರ್ ವಾದ ಮಂಡಿಸಿದಳು. ಎದುರು ನಿಲ್ಲುವವರು ಯಾರು ಎಂದು ನಾನು ಕೇಳುವಷ್ಟರಲ್ಲಿ ಬೀಗ ಎದ್ದು ಬಂದಳು.

“ಗಾಳಿ ಇಲ್ದಿದ್ರೆ ತಲೆನೋವು ಬರತ್ತೆ ಅಂದೆ. ಸರಿನಾ?”

“ಹೂಂ.”

“ಮತ್ತೆ ನನ್ ಚೀಲ ಯಾಕೆ ದಿನಾ ಕೆಳಗೆ ಎಸೀತೀಯ?”

ಹಿಂದಿನ ಬೆಂಚಿನವರು ಅವಳ ದನಿ ಕೇಳಲು ಎದ್ದು ನಿಂತರು. ನಿಯಮದಂತೆ ಲೌಡ್‌ಸ್ಪೀಕರ್ ಅದನ್ನು ತನ್ನ ಬಾಯಲ್ಲೇ ಹೇಳಬೇಕಿತ್ತು. “ನಾನು ನಿನ್ ಚೀಲ ಎಸೀತೀನಿ ಅಂತ...”

“ದಿನಾ.”

“ದಿನಾ ಎಸೀತೀನಿ ಅಂತ ಹೇಳ್ತಿದೀಯ.”

ಅಷ್ಟರಲ್ಲಿ ತಾವು ಬಂದಿರಿ. ಬಾಗಿಲಲ್ಲೇ ನಿಂತು, “ಇದೇನು ಶಾಲೆನಾ, ಸಂತೆನಾ?” ಎಂದಿರಿ. ಎಲ್ಲರನ್ನೂ ಕೂರಿಸಿ ‘ಮೌನದ ಮಹತ್ವ’ ಎಂಬ ಪ್ರಬಂಧ ಬರೆಸಿದಿರಿ. ಎಲ್ಲರಿಗಿಂತ ಚೆನ್ನಾಗಿ ಬರೆದವಳು ಬೀಗ. ಆ ವಿಷಯದಲ್ಲಿ ಅವಳಷ್ಟು ಅನುಭವ ಇನ್ನಾರಿಗಿದೆ? ತಾವು ಅವಳ ತಲೆ ಸವರಿ, “ನೋಡಿ ಕಲೀರಿ, ಎಷ್ಟು ಶಾಂತ ಹುಡುಗಿ” ಎಂದು ಉಳಿದವರಿಗೆ ಉಪದೇಶಿಸಿ ಹೊರಟಿರಿ. ಹಿಂದೆಯೇ ಜ್ಞಾಪನ ಬಂತು: ‘ತರಗತಿಯಲ್ಲಿ ಕಲಹಕ್ಕೆ ಪ್ರಚೋದನೆ.’ ಅದರ ಬದಲು ಮಾಡಿಸಬೇಕಾದ ಸೃಜನಶೀಲ ಚಟುವಟಿಕೆಯನ್ನೂ ತಾವೇ ಸೂಚಿಸಿದ್ದಿರಿ: ಬಣ್ಣದ ಶಾಯಿಯಲ್ಲಿ ಕಾಪಿ ಬರೆಯುವುದು.

ನಾನು ಬರೆಸಿದೆ. ಶಾಯಿ ಅಂಗಿಗಳಿಗೂ ಆಯಿತು. ಬೀಗದ ಚೀಲ ಮತ್ತೆ ನೆಲಕ್ಕೆ ಬಿತ್ತು, ಅವಳು ಬಗ್ಗಿ ಎತ್ತಿಕೊಂಡಳು, ತುಟಿ ಬಿಚ್ಚಲಿಲ್ಲ. ಕೆಲಸ ಹೋದೀತೆಂದು ನಾನು ಕಾಪಿ ತಿದ್ದುತ್ತಾ ಹೋದೆ.

ಒಂದು ಮಧ್ಯಾಹ್ನ ಅವಳ ಅಮ್ಮ ಬಂದರು. ಬಟ್ಟೆ ಇಸ್ತ್ರಿ ಮಾಡುವ ಅಂಗಡಿಯಲ್ಲಿ ಅವರಿಗೆ ಕೆಲಸ. ದೂರು ಹೇಳಲು ಬಂದಿದ್ದಾರೆಂದುಕೊಂಡು ಕ್ಷಮೆ ಕೇಳಲು ಸಿದ್ಧಳಾದೆ.

“ಟೀಚರ್, ಆ ಜಗಳದ ಪಾಠ ಆಯ್ತಲ್ಲ, ಅವತ್ತು ನನ್ ಮಗಳು ಮನೇಗೆ ಬಂದು ನನ್ ಜೊತೆ ಜಗಳ ತೆಗೆದ್ಲು.”

“ಏನಂತ?”

“ಅಪ್ಪ ತೀರ್ಕೊಂಡ್ ಮೇಲೆ ಅಪ್ಪನ ಹೆಸರು ಯಾಕೆ ಯಾರೂ ಎತ್ತಲ್ಲ ಅಂತ. ನಾನು ಬೇರೆ ಮಾತು ತೆಗೆದೆ. ಬಿಡ್ಲಿಲ್ಲ. ನಾನು ಹೇಳಿದ್ದನ್ನ ಮೊದ್ಲು ನಿನ್ ಬಾಯಲ್ಲಿ ಹೇಳು ಅಂತ ಕೂತ್ಲು.” ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. “ಹೇಳ್ದೆ. ಇಬ್ರೂ ಅತ್ವಿ. ಆಮೇಲೆ ಊಟಕ್ಕೆ ಕೂತು ಅವರ ವಿಷಯಾನೇ ಮಾತಾಡಿದ್ವಿ, ಅವರ ಗೊರಕೆ ನೆನೆಸ್ಕೊಂಡು ನಕ್ವಿ. ಈಗ ಮತ್ತೆ ಮೊದಲಿನ ಹಾಗೇ ಆಗಿದ್ದಾಳೆ. ಮುಂದಿನ ಜಗಳ ಯಾವಾಗ ಟೀಚರ್?”

ಈ ಪ್ರಶ್ನೆಗೆ ತಮ್ಮ ಜ್ಞಾಪನದಲ್ಲಿ ಉತ್ತರವಿದೆಯೇ ಎಂದು ಎರಡೆರಡು ಸಲ ಓದಿದೆ. ಇರಲಿಲ್ಲ. ಆದ್ದರಿಂದ ಮೊನ್ನೆ ಗುರುವಾರ ಇಬ್ಬರನ್ನೂ ಮತ್ತೆ ಎದುರು ನಿಲ್ಲಿಸಿದೆ. ಚೀಲದ ಪ್ರಶ್ನೆಗೆ ಉತ್ತರ ಬಾಕಿಯಿತ್ತು; ಲೌಡ್‌ಸ್ಪೀಕರ್ ಕಾಲ್ಬೆರಳಿಂದ ನೆಲ ಕೆರೆದಳು.

“ನೀನು ಏನೂ ಅನ್ನಲ್ಲ, ಅದಕ್ಕೇ ಎಸೀತಿದ್ದೆ. ಯಾವಾಗಾದ್ರೂ ಏನಾದ್ರೂ ಅಂತೀಯಾ ಅಂತ ನೋಡ್ತಿದ್ದೆ.”

“ಈಗ ಅಂದೆ.”

“ಈಗ ಅಂದೆ ಅಂತ ಹೇಳ್ತಿದೀಯ. ಸರಿ. ಇನ್ನು ಎಸೆಯಲ್ಲ. ಆದ್ರೆ ಕಿಟಕಿ ಜಾಗ ಬಿಡಲ್ಲ.”

“ಬಿಡಬೇಡ. ಮುಂದಿನ ವಾರ ಬಿಡಿಸ್ಕೋತೀನಿ.”

ಇಡೀ ತರಗತಿ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಲೌಡ್‌ಸ್ಪೀಕರ್. ನಾನು ಕಪ್ಪುಹಲಗೆ ಒರೆಸುವ ನೆಪದಲ್ಲಿ ಬೆನ್ನು ತಿರುಗಿಸಿ ನಿಂತೆ.

ನನ್ನನ್ನು ಕೆಲಸದಿಂದ ತೆಗೆಯುವುದು ತಮಗೆ ಸುಲಭ. ಅದಕ್ಕೆ ನಾನು ಅಡ್ಡ ಬರುವುದಿಲ್ಲ. ನನ್ನ ಬೇಡಿಕೆ ಒಂದೇ: ಆ ಜ್ಞಾಪನವನ್ನು ಹಿಂದಕ್ಕೆ ಪಡೆಯಿರಿ, ಪಡೆಯುವುದಿಲ್ಲವಾದರೆ ತಾವೇ ಬಂದು, ಆ ಹುಡುಗಿಯ ಎದುರು ನಿಂತು, ಅವಳು ಮತ್ತೆ ಯಾಕೆ ಬಾಯಿ ಮುಚ್ಚಬೇಕೆಂದು ಹೇಳಿ. ನಾನು ಹೇಳಲಾರೆ.

ಇಂತಿ,
ವಾರದ ಉಳಿದೆಲ್ಲ ಅವಧಿಗಳಲ್ಲಿ ತಮಗೆ ವಿಧೇಯಳಾದ
ಆರನೇ ತರಗತಿಯ ಭಾಷಾ ಶಿಕ್ಷಕಿ